ಒಂದು ಓತ್ವ, ಮೂರು ಬರವಣಿಗೆ: ಸಿಂಹಳದ ‘ಓ’ ಚಿಹ್ನೆ ಕಂಪ್ಯೂಟರಿನೊಳಗೆ

ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ಸಾರ್ವಜನಿಕ ರಜೆ. ಆ ದಿನಕ್ಕೆ ಸಿಂಹಳದಲ್ಲಿ ‘ಪೋಯ’ ಎನ್ನುತ್ತಾರೆ. ಎರಡೇ ಅಕ್ಷರದ ಪದ. ಆದರೆ ಕ್ಯಾಲೆಂಡರ್ ತಂತ್ರಾಂಶದಲ್ಲೋ ಗ್ರಂಥಾಲಯದ ಸೂಚಿಯಲ್ಲೋ ಅದನ್ನು ಹುಡುಕಿದಾಗ ಒಮ್ಮೊಮ್ಮೆ ಸಿಗುತ್ತದೆ, ಒಮ್ಮೊಮ್ಮೆ ಸಿಗುವುದಿಲ್ಲ. ಹುಡುಕಿದ ಪದ, ಕಡತದಲ್ಲಿರುವ ಪದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ವ್ಯತ್ಯಾಸವಿರುವುದು ಪರದೆಯ ಹಿಂದೆ. ಮೊದಲಕ್ಷರದ ಓತ್ವವನ್ನು ಒಂದೇ ಸಂಖ್ಯೆಯಾಗಿ ಬರೆದಿಡಬಹುದು, ಎರಡಾಗಿ ಬರೆದಿಡಬಹುದು, ಮೂರಾಗಿಯೂ ಬರೆದಿಡಬಹುದು. ಮೂರೂ ಸರಿಯೇ. ತೊಂದರೆಯೂ ಅದೇ.

ಈ ಚಿಹ್ನೆ ಕಾಗದದ ಮೇಲೆ ಹೇಗಿರುತ್ತದೆಂದು ಮೊದಲು ನೋಡೋಣ. ಕನ್ನಡದ ಕಾಗುಣಿತ ಬಲ್ಲವರಿಗೆ ಇದು ಕಷ್ಟವಲ್ಲ. ಸಿಂಹಳದಲ್ಲಿ ಸ್ವರಚಿಹ್ನೆಗೆ ‘ಪಿಲ್ಲ’ ಎಂದು ಹೆಸರು. ಎತ್ವದ ಹೆಸರು ‘ಕೊಂಬುವ’. ನಮ್ಮ ಕೊಂಬು ‘ಉ’ಕಾರಕ್ಕೆ, ಅವರ ಕೊಂಬು ‘ಎ’ಕಾರಕ್ಕೆ, ಹೆಸರು ಕೇಳಿ ಮೋಸಹೋಗಬಾರದು. ಕೊಂಬುವ ವ್ಯಂಜನದ ಎಡಗಡೆ, ಅಕ್ಷರಕ್ಕಿಂತ ಮುಂಚೆ ಕೂರುತ್ತದೆ. ‘ಆ’ಕಾರದ ಗೆರೆ ‘ಆ್ಯಲ ಪಿಲ್ಲ’, ಅದು ಬಲಗಡೆ. ಎರಡೂ ಸೇರಿದರೆ ಒತ್ವ. ಆ ಬಲಗಡೆಯ ಆ್ಯಲ ಪಿಲ್ಲದ ತಲೆಯ ಮೇಲೆ ‘ಅಲ್ ಲಕುಣ’ ಎಂಬ ಪುಟ್ಟ ಬಾವುಟ ಏರಿದರೆ ಓತ್ವ. ಹೀಗೆ ‘ಪೋ’ ಎಂದರೆ ಎಡದಿಂದ ಬಲಕ್ಕೆ ಕೊಂಬುವ, ಪ, ಆ್ಯಲ ಪಿಲ್ಲ, ಅದರ ಮೇಲೆ ಅಲ್ ಲಕುಣ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಗೊತ್ತುಮಾಡುವ ಮಾನಕ ಯೂನಿಕೋಡ್. ಅದರ ಪಟ್ಟಿಯಲ್ಲಿ ಈ ಓತ್ವದ ಅಧಿಕೃತ ಹೆಸರು ‘ಕೊಂಬುವ ಹಾ ದಿಗ ಆ್ಯಲ ಪಿಲ್ಲ’, ಅಂದರೆ ‘ಕೊಂಬುವ ಮತ್ತು ದೀರ್ಘ ಆ್ಯಲ ಪಿಲ್ಲ’. ಹೆಸರಿನಲ್ಲೇ ರಚನೆಯ ವಿವರವಿದೆ.

ಇಲ್ಲಿ ಗಮನಿಸಬೇಕಾದದ್ದು ಅಲ್ ಲಕುಣ. ಅದರ ಮೂಲ ಕೆಲಸ ನಮ್ಮ ಅರ್ಧಾಕ್ಷರದ ಚಿಹ್ನೆಯದ್ದೇ. ವ್ಯಂಜನದ ಮೇಲೆ ಕೂತು ಅದರೊಳಗಿನ ‘ಅ’ವನ್ನು ತೆಗೆದುಹಾಕುವುದು, ‘ಪ’ವನ್ನು ‘ಪ್’ ಮಾಡುವುದು. ಆದರೆ ಅದೇ ಚಿಹ್ನೆ ಏತ್ವ, ಓತ್ವಗಳಲ್ಲಿ ದೀರ್ಘದ ಗುರುತಾಗಿ ದುಡಿಯುತ್ತದೆ. ಒಂದು ಕಡೆ ಸ್ವರವನ್ನು ಅಳಿಸುವ ಗುರುತು, ಇನ್ನೊಂದು ಕಡೆ ಸ್ವರವನ್ನು ಎಳೆಯುವ ಗುರುತು. ಓದುವ ಮನುಷ್ಯನಿಗೆ ಇದರಿಂದ ಗೊಂದಲವಿಲ್ಲ. ಸಂಖ್ಯೆ ಮಾತ್ರ ನೋಡುವ ಪ್ರೋಗ್ರಾಮಿಗೆ ಇದು ಬಲೆ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡು ವೇಷದಿಂದಲೇ ಹುಟ್ಟಿದವು.

ಸಂಖ್ಯೆಗಳಿಗೆ ಬರೋಣ. ಯೂನಿಕೋಡ್ ಪಟ್ಟಿಗಳಲ್ಲಿ ಇವನ್ನು ಹದಿನಾರರ ಮೂಲದಲ್ಲಿ ಬರೆಯುತ್ತಾರೆ. ಇಲ್ಲಿ ಎಲ್ಲವನ್ನೂ ನಾವು ದಿನವೂ ಬಳಸುವ ದಶಮಾನದಲ್ಲೇ ಕೊಟ್ಟಿದೆ; ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ‘ಆರ್ಡ್’ ಫಂಕ್ಷನ್ ಕೊಡುವುದೂ ಇದೇ ಸಂಖ್ಯೆ. ಸಿಂಹಳದ ಪಾಲಿಗೆ ಬಂದಿರುವುದು 3456ರಿಂದ 3583ರವರೆಗಿನ 128 ಸ್ಥಾನ. ಕನ್ನಡದ್ದು 3200ರಿಂದ 3327, ನಡುವೆ ಮಲಯಾಳಂ, ಆಮೇಲೆ ಸಿಂಹಳ. ಒಂದೇ ಓಣಿಯ ಮನೆಗಳು. ಕೊಂಬುವ 3545. ಆ್ಯಲ ಪಿಲ್ಲ 3535. ಅಲ್ ಲಕುಣ 3530. ಒತ್ವಕ್ಕೆ ಇಡಿಯಾಗಿ 3548, ಓತ್ವಕ್ಕೆ ಇಡಿಯಾಗಿ 3549. ‘ಪ’ 3508, ‘ಯ’ 3514.

ಹಾಗಾಗಿ ‘ಪೋಯ’ವನ್ನು 3508, 3549, 3514 ಎಂದು ಮೂರು ಸಂಖ್ಯೆಗಳಲ್ಲಿ ಇಡಬಹುದು. 3508, 3545, 3535, 3530, 3514 ಎಂದು ಐದರಲ್ಲಿ ಇಡಬಹುದು. ನಡುವಿನ ದಾರಿಯೂ ಇದೆ: 3508, 3548, 3530, 3514, ಅಂದರೆ ಒತ್ವ ಇಡಿಯಾಗಿ, ಅದರ ಮೇಲೆ ದೀರ್ಘ ಬೇರೆಯಾಗಿ. ಯೂನಿಕೋಡ್ ಪ್ರಕಾರ ಈ ಮೂರೂ ಪರಸ್ಪರ ಸಮಾನ. 3549ನ್ನು ಬಿಡಿಸಿದರೆ 3548 ಮತ್ತು 3530, 3548ನ್ನು ಬಿಡಿಸಿದರೆ 3545 ಮತ್ತು 3535 ಎಂದು ಪಟ್ಟಿಯಲ್ಲೇ ಬರೆದಿದೆ. ಪೂರ್ತಿ ಬಿಡಿಸಿಟ್ಟ ರೂಪಕ್ಕೆ ಎನ್‌ಎಫ್‌ಡಿ ಎಂದೂ ಮತ್ತೆ ಕೂಡಿಸಿಟ್ಟ ರೂಪಕ್ಕೆ ಎನ್‌ಎಫ್‌ಸಿ ಎಂದೂ ಹೆಸರು. ಒಮ್ಮೆ ಕೊಟ್ಟ ಬಿಡಿಸುವಿಕೆಯನ್ನು ಮುಂದಿನ ಆವೃತ್ತಿಗಳಲ್ಲಿ ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ಈ ಏರ್ಪಾಡು ಹೀಗೇ ಉಳಿಯುತ್ತದೆ.

ಇದು ಸಿಂಹಳಕ್ಕೆ ಮಾತ್ರ ಬಂದ ಗ್ರಹಚಾರವಲ್ಲ. ನಮ್ಮ ‘ಕೋ’ದ ಓತ್ವ 3275. ಬಿಡಿಸಿದರೆ 3270, 3266, 3285, ಅಂದರೆ ಎತ್ವ, ಊಕಾರದ ಚಿಹ್ನೆ, ದೀರ್ಘದ ಗುರುತು. ಅಲ್ಲಿ ಎ ಮತ್ತು ಆ, ಇಲ್ಲಿ ಎ ಮತ್ತು ಊ. ಲಿಪಿಯ ಆಕಾರ ಹೇಗಿತ್ತೋ ಹಾಗೆ. ಎರಡು ಕಡೆ ಮಾತ್ರ ಕನ್ನಡ ಬಚಾವಾಗಿದೆ. ನಮ್ಮ ದೀರ್ಘಕ್ಕೆ 3285 ಎಂಬ ಸ್ವಂತ ಸಂಖ್ಯೆ ಇದೆ, ಅರ್ಧಾಕ್ಷರದ ಚಿಹ್ನೆಯನ್ನು ಸಾಲ ಪಡೆದಿಲ್ಲ. ಇನ್ನೊಂದು, ನಮ್ಮ ಎತ್ವ ಅಕ್ಷರದ ತಲೆಯ ಮೇಲೇ ಕೂರುತ್ತದೆ, ಎಡಕ್ಕೆ ಜಿಗಿಯುವುದಿಲ್ಲ. ತಮಿಳು, ಮಲಯಾಳಂಗಳಲ್ಲಿ ಸಿಂಹಳದ ಹಾಗೆ ಎಡಕ್ಕೆ ಜಿಗಿಯುವ ಭಾಗವಿದೆ. ಆದರೆ ಅಲ್ಲಿ ಒತ್ವಕ್ಕೂ ಓತ್ವಕ್ಕೂ ಇರುವ ವ್ಯತ್ಯಾಸ ಎಡಭಾಗದ ಆಕಾರದಲ್ಲಿ ಕಾಣುತ್ತದೆ, ಸಿಂಹಳದಲ್ಲಿ ಬಲಭಾಗದಲ್ಲಿ.

ಕನ್ನಡ, ದೇವನಾಗರಿ ಮುಂತಾದವುಗಳ ಯೂನಿಕೋಡ್ ಜೋಡಣೆ ಭಾರತದ ಇಸ್ಕಿ ಮಾನಕದ ಅಚ್ಚಿನಿಂದ ಬಂದದ್ದು. ಆದ್ದರಿಂದ ದೇವನಾಗರಿಯ ‘ಕ’ಕ್ಕೆ 896 ಕೂಡಿಸಿದರೆ ಕನ್ನಡದ ‘ಕ’ ಸಿಗುತ್ತದೆ. ಬಹುಪಾಲು ಅಕ್ಷರಗಳಿಗೆ ಇದೇ ಲೆಕ್ಕ ನಡೆಯುತ್ತದೆ. ಸಿಂಹಳ ಆ ಅಚ್ಚಿನೊಳಗೆ ಇಲ್ಲ. ಶ್ರೀಲಂಕಾದ ಸ್ವಂತ ಮಾನಕ ಎಸ್‌ಎಲ್‌ಎಸ್ 1134 ಬಂದದ್ದು 1996ರಲ್ಲಿ; ಯೂನಿಕೋಡ್‌ಗೆ ಸಿಂಹಳ ಸೇರಿದ್ದು 1999ರ ಆವೃತ್ತಿ 3.0ರಲ್ಲಿ. ‘ಅ’ ಮತ್ತು ‘ಎ’ಗಳ ನಡುವಿನ ಆ್ಯ ಸ್ವರಕ್ಕೆ ಹ್ರಸ್ವ ದೀರ್ಘಗಳೆರಡೂ, ವ್ಯಂಜನಗಳಲ್ಲಿ ಮೂಗಿನ ಧ್ವನಿ ಬೆರೆತ ವಿಶೇಷ ಅಕ್ಷರಗಳೂ ಸಿಂಹಳದಲ್ಲಿವೆ, ಇಸ್ಕಿಯ ಖಾನೆಗಳಲ್ಲಿ ಅವಕ್ಕೆ ಜಾಗವಿಲ್ಲ. ಕನ್ನಡದ ‘ಕ’ ತನ್ನ ವಿಭಾಗದ ಆರಂಭದಿಂದ 21 ಸ್ಥಾನ ಮುಂದಿದ್ದರೆ ಸಿಂಹಳದ ‘ಕ’ 26 ಸ್ಥಾನ ಮುಂದಿದೆ. ಭಾರತೀಯ ಲಿಪಿಗಳಿಗೆಂದು ಬರೆದ ಕೂಡು-ಕಳೆ ಲಿಪ್ಯಂತರ ಇಲ್ಲಿ ಕೆಲಸ ಮಾಡುವುದಿಲ್ಲ. ಪ್ರತಿ ಅಕ್ಷರಕ್ಕೂ ಪಟ್ಟಿ ಬರೆಯಲೇಬೇಕು.

ಪಟ್ಟಿ ಬರೆದವರು ಎಡವುವ ಮೊದಲ ಕಲ್ಲು ಇದೇ ಓತ್ವ. ಸಿಂಹಳ ಪಠ್ಯ ಬಿಡಿಸಿಟ್ಟ ರೂಪದಲ್ಲಿ ಬಂದಿದೆ ಎಂದುಕೊಳ್ಳಿ. ಒಂದಕ್ಕೊಂದು ಅಕ್ಷರ ಬದಲಿಸುವ ಪ್ರೋಗ್ರಾಮು ಕೊಂಬುವವನ್ನು ಕನ್ನಡದ ಎತ್ವಕ್ಕೆ, ಆ್ಯಲ ಪಿಲ್ಲವನ್ನು ಆಕಾರದ ಚಿಹ್ನೆಗೆ, ಅಲ್ ಲಕುಣವನ್ನು ಅರ್ಧಾಕ್ಷರದ ಚಿಹ್ನೆಗೆ ಬದಲಿಸುತ್ತದೆ. ಪ್ರತಿ ಹೆಜ್ಜೆಯೂ ಪಟ್ಟಿಯ ಪ್ರಕಾರ ಸರಿ. ಫಲಿತಾಂಶ: ಪ, ಅದರ ಮೇಲೆ ಎತ್ವ, ಪಕ್ಕದಲ್ಲಿ ಆಕಾರ, ಅದಕ್ಕೊಂದು ಅರ್ಧಾಕ್ಷರದ ಬಾಲ, ಆ ಬಾಲಕ್ಕೆ ಮುಂದಿನ ‘ಯ’ ಒತ್ತಾಗಿ ಸಿಕ್ಕಿಕೊಳ್ಳುವ ಅಪಾಯ. ಕನ್ನಡದಲ್ಲಿ ಅಂಥ ಅಕ್ಷರವೇ ಇಲ್ಲ. ಲಿಪ್ಯಂತರಕ್ಕೆ ಮುನ್ನ ಪಠ್ಯವನ್ನು ಎನ್‌ಎಫ್‌ಸಿಗೆ ತಂದರೆ ಮೂರು ಸಂಖ್ಯೆಗಳೂ ಸೇರಿ ಒಂದೇ 3549 ಆಗುತ್ತವೆ, ಅದನ್ನು ನೇರವಾಗಿ 3275 ಮಾಡಿದರೆ ಮುಗಿಯಿತು. ಅಲ್ ಲಕುಣವನ್ನು ಅರ್ಧಾಕ್ಷರವೆಂದು ಓದುವುದು ಈ ಕೂಡಿಕೆ ಮುಗಿದ ಮೇಲೆ ಉಳಿದವುಗಳಿಗೆ ಮಾತ್ರ.

ಇನ್ನೂ ಹೆಚ್ಚು ಹಾನಿ ಮಾಡುವುದು ಚಿಹ್ನೆ ಕಿತ್ತುಹಾಕುವ ಅಭ್ಯಾಸ. ಯುರೋಪಿನ ಭಾಷೆಗಳಲ್ಲಿ ಅಕ್ಷರದ ಮೇಲಿನ ಒತ್ತುಗುರುತು ತೆಗೆದು ಹುಡುಕಾಟ ಸುಲಭ ಮಾಡಲು ಒಂದು ಹಳೆಯ ಉಪಾಯವಿದೆ. ಪಠ್ಯವನ್ನು ಎನ್‌ಎಫ್‌ಡಿಗೆ ಬಿಡಿಸಿ, ಸ್ವಂತ ಅಗಲವಿಲ್ಲದ ಚಿಹ್ನೆಗಳನ್ನೆಲ್ಲ ಅಳಿಸಿಬಿಡುವುದು. ವೆಬ್ ವಿಳಾಸ ತಯಾರಿಸುವ ಕಡೆಗಳಲ್ಲಿ ಈ ಎರಡು ಸಾಲಿನ ಕೋಡು ಯೋಚನೆಯಿಲ್ಲದೆ ನಕಲಾಗುತ್ತಲೇ ಇರುತ್ತದೆ. ಯೂನಿಕೋಡ್ ವರ್ಗೀಕರಣದಲ್ಲಿ ಕೊಂಬುವ, ಆ್ಯಲ ಪಿಲ್ಲ ಎರಡೂ ಅಗಲವಿರುವ ಚಿಹ್ನೆಗಳು. ಅಲ್ ಲಕುಣ ಅಗಲವಿಲ್ಲದ್ದು. ಹೀಗಾಗಿ ‘ಪೋಯ’ ಬಿಡಿಸಲ್ಪಟ್ಟು, ಬಾವುಟ ಅಳಿದು, ‘ಪೊಯ’ ಆಗುತ್ತದೆ. ‘ಇ’ಕಾರದ ಚಿಹ್ನೆಯೂ ಅಗಲವಿಲ್ಲದ ಗುಂಪಿನದ್ದೇ, ಆದ್ದರಿಂದ ‘ಬೋಧಿ’ ಹೋಗಿ ‘ಬೊಧ’ ಬರುತ್ತದೆ. ಕನ್ನಡದಲ್ಲಿ ಇದೇ ಕೋಡು ಇನ್ನೂ ವಿಚಿತ್ರ. ನಮ್ಮ ಎತ್ವ ಅಗಲವಿಲ್ಲದ್ದು, ಊಕಾರವೂ ದೀರ್ಘವೂ ಅಗಲವಿರುವವು. ‘ಪೋ’ದಿಂದ ಎತ್ವ ಹಾರಿಹೋಗಿ ಪ, ಊಕಾರ, ಅದರ ಮುಂದೊಂದು ಅನಾಥ ದೀರ್ಘ ಉಳಿಯುತ್ತದೆ. ಪರಿಹಾರ ಸರಳ: ಬ್ರಾಹ್ಮಿಯಿಂದ ಬಂದ ಲಿಪಿಗಳ ಮೇಲೆ ಈ ಉಪಾಯವನ್ನು ನಡೆಸಲೇಬಾರದು. ಈ ಲಿಪಿಗಳಲ್ಲಿ ಸ್ವರಚಿಹ್ನೆ ಅಲಂಕಾರವಲ್ಲ, ಅಕ್ಷರದ ಅರ್ಧಭಾಗ.

ಟೈಪಿಸುವ ಕಡೆಗೆ ತಿರುಗೋಣ. ಒಂದೇ ಪದಕ್ಕೆ ಮೂರು ರೂಪ ಹುಟ್ಟುವುದು ಅಲ್ಲೇ. ಸಿಂಹಳದ ಪ್ರಮಾಣಿತ ಕೀಲಿಮಣೆ ವಿಜೇಸೇಕರ. ಅದು ಟೈಪ್‌ರೈಟರ್ ಕಾಲದ ಜೋಡಣೆ, ಆದ್ದರಿಂದ ಕಣ್ಣಿಗೆ ಕಾಣುವ ಕ್ರಮದಲ್ಲೇ ಕೀಲಿ ಒತ್ತುವ ರೂಢಿ. ‘ಪೋಯ’ ಬೇಕಾದರೆ ಇಂಗ್ಲಿಷ್ ಕೀಲಿಗಳ ಲೆಕ್ಕದಲ್ಲಿ ಎಫ್, ಎಂ, ಡಿ, ಎ, ಎಚ್: ಕೊಂಬುವ, ಪ, ಆ್ಯಲ ಪಿಲ್ಲ, ಅಲ್ ಲಕುಣ, ಯ. ಟೈಪ್‌ರೈಟರಿನಲ್ಲಿ ಕಾಗದದ ಮೇಲೆ ಬಿದ್ದದ್ದೇ ಅಕ್ಷರ, ಅಲ್ಲಿಗೆ ಮುಗಿಯಿತು. ಯೂನಿಕೋಡ್‌ನಲ್ಲಿ ಹಾಗಲ್ಲ. ಮೊದಲು ವ್ಯಂಜನ, ಆಮೇಲೆ ಸ್ವರಚಿಹ್ನೆ. ಉಚ್ಚಾರದ ಕ್ರಮವೇ ಸಂಗ್ರಹದ ಕ್ರಮ. ಹಾಗಾಗಿ ಕೀಲಿಮಣೆಯ ತಂತ್ರಾಂಶ ಮೊದಲು ಬಂದ ಕೊಂಬುವವನ್ನು ಕೈಯಲ್ಲಿ ಹಿಡಿದುಕೊಂಡು ಕಾಯಬೇಕು. ‘ಪ’ ಬಂದ ಮೇಲೆ ‘ಪ’ ಬರೆದು ಅದರ ನಂತರ ಕೊಂಬುವ ಇಡಬೇಕು. ಆಮೇಲೆ ಆ್ಯಲ ಪಿಲ್ಲ ಬಂದರೆ ಈಗಾಗಲೇ ಬರೆದ 3545ನ್ನು ಅಳಿಸಿ 3548 ಇಡಬೇಕು, ಅಲ್ ಲಕುಣ ಬಂದರೆ ಅದನ್ನೂ ಅಳಿಸಿ 3549 ಇಡಬೇಕು. ಚೆನ್ನಾಗಿ ಬರೆದ ಕೀಲಿಮಣೆ ಇಷ್ಟೂ ಮಾಡುತ್ತದೆ. ಬರೆದದ್ದನ್ನು ತಿದ್ದಲು ಅಪ್ಲಿಕೇಶನ್ ಅವಕಾಶ ಕೊಡದಿದ್ದಲ್ಲಿ, ಅಥವಾ ಕೀಲಿಮಣೆ ಬರೆದವರು ಕೊನೆಯ ಹೆಜ್ಜೆ ಬಿಟ್ಟಲ್ಲಿ, 3548ರ ನಂತರ 3530 ಬರುತ್ತದೆ, ಇಲ್ಲವೇ ಮೂರೂ ಬಿಡಿಬಿಡಿಯಾಗಿ ಬರುತ್ತವೆ. ಪರದೆಯ ಮೇಲೆ ಎಲ್ಲವೂ ‘ಪೋಯ’. ಟೈಪಿಸಿದವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಕೆಲವೊಮ್ಮೆ ಕ್ರಮವೇ ತಪ್ಪುತ್ತದೆ. ಕೊಂಬುವ, ಅಲ್ ಲಕುಣ, ಆಮೇಲೆ ಆ್ಯಲ ಪಿಲ್ಲ ಎಂದು ಬಂದರೆ, ಅಂದರೆ 3545, 3530, 3535, ಇದನ್ನು ಎನ್‌ಎಫ್‌ಸಿ ಸರಿಪಡಿಸುವುದಿಲ್ಲ. ಮೊದಲೆರಡು ಸೇರಿ 3546 ಎಂಬ ಏತ್ವವಾಗುತ್ತದೆ, 3535 ಬೇರೆಯಾಗಿ ನೇತಾಡುತ್ತದೆ. ಬಿಡಿ ಚಿಹ್ನೆಗಳನ್ನು ಕ್ರಮಕ್ಕೆ ತರುವ ಕೆಲಸವೂ ಯೂನಿಕೋಡ್‌ನಲ್ಲಿ ಇದೆ ನಿಜ. ಆದರೆ ಸ್ಥಾನಬದಲಾವಣೆಯ ದರ್ಜೆ ಸೊನ್ನೆ ಇರುವ ಚಿಹ್ನೆಯನ್ನು ದಾಟಿ ಯಾವುದೂ ಚಲಿಸುವಂತಿಲ್ಲ. ಅಲ್ ಲಕುಣದ ದರ್ಜೆ 9, ಕೊಂಬುವ ಮತ್ತು ಆ್ಯಲ ಪಿಲ್ಲಗಳದ್ದು 0. ಹಾಗಾಗಿ ಬಂದ ಕ್ರಮವೇ ಖಾಯಂ. ಇಂಥವನ್ನು ಹುಡುಕಿ ತಿದ್ದುವ ನಿಯಮವನ್ನು ನಾವೇ ಪ್ರತ್ಯೇಕವಾಗಿ ಬರೆಯಬೇಕು: 3546ರ ನಂತರ 3535 ಕಂಡರೆ ಎರಡನ್ನೂ ತೆಗೆದು 3549. ಸರಿಯಾದ ಸಿಂಹಳ ಬರಹದಲ್ಲಿ ಆ ಜೋಡಿ ಬರುವುದೇ ಇಲ್ಲ, ಆದ್ದರಿಂದ ಧೈರ್ಯವಾಗಿ ಬದಲಿಸಬಹುದು.

ಎನ್‌ಎಫ್‌ಸಿ ಕೈಕೊಡುವ ಇನ್ನೆರಡು ಜಾಗಗಳಿವೆ. ಐತ್ವಕ್ಕೆ ಸಿಂಹಳದಲ್ಲಿ ಎರಡು ಕೊಂಬುವ; ಹೆಸರೇ ‘ಕೊಂಬು ದೆಕ’, ಎರಡು ಕೊಂಬು ಎಂದು. ಸಂಖ್ಯೆ 3547. ಉಳಿದವುಗಳ ಲೆಕ್ಕ ನೋಡಿದರೆ ಇದು 3545, 3545 ಎಂದು ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳುವುದಿಲ್ಲ. ಯಾರಾದರೂ ಕೊಂಬುವವನ್ನು ಎರಡು ಸಲ ಒತ್ತಿ ಐತ್ವ ಬರೆದಿದ್ದರೆ ಅದು ಕಾಣಲು ಒಂದೇ, ಲೆಕ್ಕಕ್ಕೆ ಬೇರೆ. ಹಾಗೆಯೇ ಸ್ವತಂತ್ರ ಸ್ವರ ‘ಓ’. ‘ಒ’ ಬರೆದು ಮೇಲೆ ಅಲ್ ಲಕುಣ ಇಟ್ಟರೆ ಕಣ್ಣಿಗೆ ಅದು ‘ಓ’ನೇ, ಯೂನಿಕೋಡ್‌ನ ಪಾಲಿಗೆ ಅಲ್ಲ. ಔತ್ವ ಮಾತ್ರ ಶಿಸ್ತಾಗಿದೆ: 3550 ಬಿಡಿಸಿದರೆ 3545 ಮತ್ತು 3551.

ಈಗ ಅಕ್ಷರ ಚಿತ್ರವಾಗುವ ಹಂತ. 3508, 3549 ಎಂಬ ಎರಡು ಸಂಖ್ಯೆಗಳು ಮೂರು ಕಡೆ ಹರಡಿದ ಆಕಾರವಾಗಬೇಕು, ಅದರಲ್ಲೊಂದು ತುಂಡು ‘ಪ’ವನ್ನು ದಾಟಿ ಎಡಕ್ಕೆ ಹೋಗಬೇಕು. ಇದನ್ನು ಮಾಡುವುದು ಶೇಪಿಂಗ್ ಎಂಜಿನ್ ಎಂಬ ತಂತ್ರಾಂಶ. ಹಳೆಯ ವಿಂಡೋಸ್‌ನಲ್ಲಿ ಯುನಿಸ್ಕ್ರೈಬ್. ಲಿನಕ್ಸ್, ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಹಾರ್ಫ್‌ಬಝ್. ಎಂಜಿನ್ ಮೊದಲು ಓತ್ವವನ್ನು ಒಡೆಯುತ್ತದೆ. ಹೇಗೆ ಒಡೆಯಬೇಕು ಎಂಬಲ್ಲೇ ಎರಡು ಸಂಪ್ರದಾಯ ಹುಟ್ಟಿಕೊಂಡವು.

ಒಂದು, ಯೂನಿಕೋಡ್ ಪಟ್ಟಿ ಹೇಳಿದ ಹಾಗೆ 3545, 3535, 3530 ಎಂದು ಒಡೆಯುವುದು. ಆಗ ಆ್ಯಲ ಪಿಲ್ಲ ಮತ್ತು ಅಲ್ ಲಕುಣ ಸೇರಿದ ಆಕಾರವನ್ನು ಕೊಡುವ ಕೆಲಸ ಫಾಂಟಿನದ್ದು. ಅದಕ್ಕೆಂದೇ ಒಂದು ಕೂಡಕ್ಷರವೋ ಬಾವುಟ ಎಲ್ಲಿ ಕೂರಬೇಕೆಂಬ ಸ್ಥಾನನಿಯಮವೋ ಫಾಂಟಿನಲ್ಲಿ ಇಲ್ಲದಿದ್ದರೆ ಬಾವುಟ ಗೆರೆಯ ಪಕ್ಕದಲ್ಲಿ ತೇಲುತ್ತದೆ, ಇಲ್ಲವೇ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಎರಡನೆಯದು ಯುನಿಸ್ಕ್ರೈಬ್‌ನ ದಾರಿ. ಎಡಕ್ಕೆ ಕೊಂಬುವ 3545ನ್ನು ಕಳಿಸಿ, ಬಲಕ್ಕೆ ಅದೇ 3549ನ್ನು ಹಾಗೇ ಬಿಟ್ಟು, ‘ಇದರ ಬಲ ಅರ್ಧವನ್ನಷ್ಟೇ ಕೊಡು’ ಎಂದು ಪಿಎಸ್‌ಟಿಎಫ್ ಎಂಬ ಓಪನ್‌ಟೈಪ್ ಗುಣದ (ಆಕಾರ ಬದಲಿಸಲು ಫಾಂಟಿನೊಳಗೆ ಬರೆದಿಡುವ ನಿಯಮದ) ಮೂಲಕ ಫಾಂಟನ್ನು ಕೇಳುವುದು. ಆ ಗುಣವನ್ನು ಬರೆದಿರದ ಫಾಂಟು ಇಡೀ ಓತ್ವದ ಚಿತ್ರವನ್ನೇ ಬಲಕ್ಕೆ ಇಡುತ್ತದೆ. ಆಗ ಒಂದೇ ಅಕ್ಷರಕ್ಕೆ ಎರಡು ಕೊಂಬುವ ಕಾಣುತ್ತವೆ: ಒಂದು ಎಡಕ್ಕೆ, ಇನ್ನೊಂದು ‘ಪ’ ಮುಗಿದ ಮೇಲೆ.

ಲಂಕಾದ ಲಿನಕ್ಸ್ ಬಳಕೆದಾರರ ನಡುವೆ ವ್ಯಾಪಕವಾಗಿದ್ದ ಎಲ್‌ಕೆಎಲ್‌ಯುಜಿ ಫಾಂಟು ಯೂನಿಕೋಡ್ ದಾರಿಗೆ ಹೊಂದುತ್ತಿತ್ತು, ಯುನಿಸ್ಕ್ರೈಬ್‌ನಲ್ಲಿ ಕೆಡುತ್ತಿತ್ತು. ಇನ್ನು ಕೆಲವು ಫಾಂಟುಗಳು ವಿಂಡೋಸ್‌ಗೆಂದೇ ತಯಾರಾದವು, ಅವು ಯೂನಿಕೋಡ್ ದಾರಿಯಲ್ಲಿ ಕೆಡುತ್ತಿದ್ದವು. ಹಾರ್ಫ್‌ಬಝ್ ಬರೆದವರು ಎರಡನ್ನೂ ಉಳಿಸಿಕೊಳ್ಳಲು ಮಾಡಿದ ಉಪಾಯ ನನಗೆ ಬಹಳ ಹಿಡಿಸಿದ್ದು. ಮೊದಲು ಫಾಂಟನ್ನು ಪರೀಕ್ಷಿಸು. ಪಿಎಸ್‌ಟಿಎಫ್ ಮೂಲಕ ಆ ಚಿಹ್ನೆಯ ಆಕಾರ ಬದಲಾಗುತ್ತದೆ ಎಂದಾದರೆ ಯುನಿಸ್ಕ್ರೈಬ್ ದಾರಿ, ಇಲ್ಲವಾದರೆ ಯೂನಿಕೋಡ್ ದಾರಿ. ಇಷ್ಟೆಲ್ಲ ನಾಲ್ಕೇ ಚಿಹ್ನೆಗಳಿಗಾಗಿ: 3546, 3548, 3549, 3550. ಹೊಸದಾಗಿ ಸಿಂಹಳ ಫಾಂಟು ಮಾಡುವವರು ಎರಡೂ ದಾರಿಗೆ ಸಾಮಾನು ಜೋಡಿಸಿಡುವುದು ಲೇಸು. ಬಲ ಅರ್ಧದ ಚಿತ್ರ ಒಂದೇ ಸಾಕು. ಅದನ್ನೇ ಪಿಎಸ್‌ಟಿಎಫ್‌ನಲ್ಲಿ 3549ಕ್ಕೂ, ಕೂಡಕ್ಷರದ ನಿಯಮದಲ್ಲಿ 3535 ಮತ್ತು 3530ರ ಜೋಡಿಗೂ ಕೊಟ್ಟರಾಯಿತು.

ಏತ್ವದಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಪೇ’ ಬರೆಯುವಾಗ ಬಲಗಡೆ ಆ್ಯಲ ಪಿಲ್ಲ ಇರುವುದಿಲ್ಲ, ಅಲ್ ಲಕುಣ ನೇರವಾಗಿ ‘ಪ’ದ ತಲೆಯ ಮೇಲೇ ಕೂರುತ್ತದೆ. ನೋಟಕ್ಕೆ ಅದು ಕೊಂಬುವ ಮತ್ತು ‘ಪ್’. ಅಲ್ ಲಕುಣಕ್ಕೆ ಎರಡು ವೇಷವೂ ಇದೆ. ಕ, ಪ ಮುಂತಾದವುಗಳ ಮೇಲೆ ಬಾವುಟ. ಮ, ವ, ಬ, ಟ, ಡ ಮುಂತಾದ ಅಕ್ಷರಗಳಲ್ಲಿ ಅಕ್ಷರದ ತುದಿಯ ಗೆರೆಯೇ ಮೇಲೆ ಸುರುಳಿಯಾಗುತ್ತದೆ. ಎರಡಕ್ಕೂ ಸಂಖ್ಯೆ ಒಂದೇ, 3530. ಆಕಾರ ಆರಿಸುವುದು ಫಾಂಟಿನ ಹೊಣೆ. ‘ಮ್’ಗೆ ಸುರುಳಿ ಕೊಟ್ಟು ‘ಮೇ’ಗೆ ಬಾವುಟ ಅಂಟಿಸುವ ಫಾಂಟು ಸಿಂಹಳ ಓದುಗರ ಕಣ್ಣಿಗೆ ಕೂಡಲೇ ಚುಚ್ಚುತ್ತದೆ.

ಕೊಂಬುವ ಎಷ್ಟು ದೂರ ಎಡಕ್ಕೆ ಹೋಗಬೇಕು ಎಂಬುದೂ ಸಂಖ್ಯೆಗಳ ಮೇಲೆಯೇ ನಿಂತಿದೆ. ಕನ್ನಡದಲ್ಲಿ ದ, ಅರ್ಧಾಕ್ಷರ ಚಿಹ್ನೆ, ರ ಎಂದು ಬರೆದರೆ ‘ದ್ರ’ ತಾನಾಗಿ ಒತ್ತಕ್ಷರವಾಗುತ್ತದೆ. ಸಿಂಹಳದಲ್ಲಿ ಆಗುವುದಿಲ್ಲ, ಅಲ್ಲಿ ಅಲ್ ಲಕುಣ ಕಾಣುವುದೇ ಸಹಜ ಸ್ಥಿತಿ. ಒತ್ತು ಬೇಕಾದರೆ ಅಲ್ ಲಕುಣದ ನಂತರ 8205 ಎಂಬ ಕಣ್ಣಿಗೆ ಕಾಣದ ಕೂಡಿಸುವ ಗುರುತನ್ನು ಇಡಬೇಕು. ‘ದ್ರೋಹ’ ಬರೆಯಲು 3503, 3530, 8205, 3515, 3549, 3524. ಆಗ ‘ದ್ರ’ ಒಂದೇ ಗುಂಪು, ಕೊಂಬುವ ಇಡೀ ಗುಂಪಿನ ಎಡಕ್ಕೆ ಹೋಗುತ್ತದೆ. ನಡುವಿನ 8205 ಉದುರಿತೆನ್ನಿ; ‘ದ್’ ಬೇರೆ, ‘ರೋ’ ಬೇರೆ ಆಗಿ, ಕೊಂಬುವ ‘ದ್’ ಮತ್ತು ‘ರ’ಗಳ ನಡುವೆ ಬಂದು ನಿಲ್ಲುತ್ತದೆ. ಕಾಣದ ಗುರುತುಗಳನ್ನು ಕಸವೆಂದು ಗುಡಿಸಿಹಾಕುವ ಫಾರ್ಮ್‌ಗಳು, ಆಮದು ತಂತ್ರಾಂಶಗಳು ಈ ತೊಂದರೆಗೆ ಮುಖ್ಯ ಕಾರಣ. ‘ಶ್ರೀ’ಯಲ್ಲೂ ಇದೇ ಗುರುತು ಬೇಕು: 3521, 3530, 8205, 3515, 3539. ಅಂದರೆ ದೇಶದ ಹೆಸರನ್ನೇ ಸರಿಯಾಗಿ ಬರೆಯಲು 8205 ಬೇಕು.

ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಮಾಡಿದ ದಾಖಲೆಗಳ ಕಥೆ ಬೇರೆ. ನಮ್ಮಲ್ಲಿ ನುಡಿ, ಬರಹಗಳ ಹಳೆಯ ಕಡತಗಳನ್ನು ಬದಲಿಸಿದವರಿಗೆ ಈ ಪಾಡು ಗೊತ್ತು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಸಿಂಹಳದ ಚಿತ್ರಗಳನ್ನು ಕೂರಿಸಿದ ಫಾಂಟುಗಳಲ್ಲಿ ಕೊಂಬುವ ವ್ಯಂಜನಕ್ಕಿಂತ ಮೊದಲು ಬರೆದಿಟ್ಟಿರುತ್ತದೆ. ಬದಲಿಸುವಾಗ ಚಿತ್ರದಿಂದ ಸಂಖ್ಯೆಗೆ ನೇರ ನಕಲು ಮಾಡಿದರೆ ಪದದ ಆರಂಭದ ಕೊಂಬುವಕ್ಕೆ ಆಸರೆ ಸಿಗದೆ ಚುಕ್ಕಿಗಳ ವೃತ್ತ ಕಾಣಿಸಿಕೊಳ್ಳುತ್ತದೆ. ಅದು ಒಳ್ಳೆಯದೇ, ತಪ್ಪು ಗೊತ್ತಾಗುತ್ತದೆ. ಪದದ ನಡುವಿನ ಕೊಂಬುವ ಹಿಂದಿನ ಅಕ್ಷರಕ್ಕೆ ಅಂಟಿಕೊಂಡು ಬೇರೆಯೇ ಪದವಾಗುವುದು ಅಪಾಯ.

ಸರಿಯಾದ ವಿಧಾನ ಹೀಗೆ. ಕೊಂಬುವ ಕಂಡಾಗ ಅದನ್ನು ಎತ್ತಿಟ್ಟುಕೊಂಡು ಮುಂದಿನ ವ್ಯಂಜನವನ್ನೂ ಅದಕ್ಕೆ ತಗುಲಿದ ರ, ಯ ಒತ್ತುಗಳನ್ನೂ ದಾಟಬೇಕು. ದಾಟಿದ ಮೇಲೆ ಏನಿದೆ ನೋಡಬೇಕು. ಆ್ಯಲ ಪಿಲ್ಲವೂ ಅದರ ಮೇಲೆ ಅಲ್ ಲಕುಣವೂ ಇದ್ದರೆ 3549. ಆ್ಯಲ ಪಿಲ್ಲ ಮಾತ್ರವಾದರೆ 3548. ಅಲ್ ಲಕುಣ ಮಾತ್ರವಾದರೆ 3546. 3551ರ ಚಿತ್ರವಾದರೆ 3550. ಏನೂ ಇಲ್ಲವಾದರೆ 3545. ಆರಂಭದಲ್ಲೇ ಎರಡು ಕೊಂಬುವ ಇದ್ದರೆ 3547. ಉದ್ದದ ಜೋಡಣೆಯನ್ನು ಮೊದಲು ಪರೀಕ್ಷಿಸಬೇಕು. ಗಿಡ್ಡದ್ದನ್ನು ಮೊದಲು ಪರೀಕ್ಷಿಸಿದರೆ ಎಲ್ಲ ಓತ್ವಗಳೂ ಒತ್ವವಾಗಿ, ಅದರ ನಂತರ ಒಂದು ಅಲ್ ಲಕುಣ ಉಳಿಯುತ್ತದೆ. ಅದೃಷ್ಟವಶಾತ್ ಆ ತಪ್ಪನ್ನು ಎನ್‌ಎಫ್‌ಸಿ ಸರಿಪಡಿಸುತ್ತದೆ. ‘ಮ್’ನಂಥ ಸುರುಳಿ ಅಕ್ಷರಗಳಲ್ಲಿ ಮಾತ್ರ ಇನ್ನೊಂದು ಎಚ್ಚರ. ಹಳೆಯ ಫಾಂಟುಗಳಲ್ಲಿ ‘ಮ್’ಗೆ ಇಡಿಯಾಗಿ ಒಂದೇ ಚಿತ್ರ ಇರುವುದುಂಟು. ಅದನ್ನು ಮೊದಲೇ ಮ, 3530 ಎಂದು ಬದಲಿಸಿ ಆಮೇಲೆ ಕೊಂಬುವವನ್ನು ಅವುಗಳ ನಂತರ ಇಟ್ಟರೆ ಮ, 3530, 3545 ಆಗುತ್ತದೆ. ಇದು ‘ಮೇ’ ಅಲ್ಲ, ಎನ್‌ಎಫ್‌ಸಿ ಇದನ್ನು ಮುಟ್ಟುವುದೂ ಇಲ್ಲ.

ಬೈಟುಗಳ ಲೆಕ್ಕ ಸ್ವಲ್ಪ. ಈ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಸಿಂಹಳ ಸಂಖ್ಯೆಗೂ, ಕನ್ನಡಕ್ಕೂ ಹಾಗೆಯೇ, 3 ಬೈಟು. 3549 ಎಂದರೆ 224, 183, 157. ‘ಪೋಯ’ ಕೂಡಿಸಿಟ್ಟರೆ 9 ಬೈಟು, ಬಿಡಿಸಿಟ್ಟರೆ 15. ಸಿಂಹಳ ಎಸ್‌ಎಂಎಸ್ 16 ಬಿಟ್‌ನಲ್ಲಿ ಹೋಗುವುದರಿಂದ ಒಂದು ಸಂದೇಶಕ್ಕೆ 70 ಸಂಖ್ಯೆಗಳ ಮಿತಿ. ಅಲ್ಲಿ ಇದೇ ಪದ 3 ಸ್ಥಾನವನ್ನೂ ತಿನ್ನಬಹುದು, 5 ಸ್ಥಾನವನ್ನೂ ತಿನ್ನಬಹುದು. ಅಳತೆ ಮೀರಿದ್ದನ್ನು ಕತ್ತರಿಸುವಾಗ ಆಗುವುದು ಇನ್ನೂ ಕೆಟ್ಟದ್ದು. ಬಿಡಿಸಿಟ್ಟ ‘ಪೋ’ವನ್ನು ಎರಡನೇ ಸಂಖ್ಯೆಯ ಬಳಿ ಕತ್ತರಿಸಿದರೆ ‘ಪೆ’, ಮೂರನೆಯದರ ಬಳಿ ಕತ್ತರಿಸಿದರೆ ‘ಪೊ’. ಎಲ್ಲವೂ ನೆಟ್ಟಗಿರುವ ಅಕ್ಷರಗಳೇ. ಚುಕ್ಕಿವೃತ್ತವಿಲ್ಲ, ಚೌಕಡಬ್ಬಿಯಿಲ್ಲ, ತಪ್ಪಾಗಿದೆ ಎಂದು ಯಾರಿಗೂ ಅನ್ನಿಸದು. ಬ್ಯಾಕ್‌ಸ್ಪೇಸ್ ಒತ್ತಿದಾಗಲೂ ಇದೇ ಮೆಟ್ಟಿಲು: ಹಲವು ಎಡಿಟರುಗಳಲ್ಲಿ ಕೂಡಿಸಿಟ್ಟ ಓತ್ವ ಒಂದೇ ಒತ್ತಿಗೆ ಹೋಗಿ ‘ಪ’ ಉಳಿಯುತ್ತದೆ, ಬಿಡಿಸಿಟ್ಟದ್ದು ಪೋ, ಪೊ, ಪೆ, ಪ ಎಂದು ಇಳಿಯುತ್ತದೆ. ಎದುರಿಗಿರುವ ಕಡತ ಯಾವ ರೂಪದ್ದೆಂದು ಅನುಮಾನ ಬಂದರೆ ಇದು ಕೈಗೆಟುಕುವ ಮೊದಲ ಪರೀಕ್ಷೆ.

ಕಡತದ ಹೆಸರುಗಳಲ್ಲಿ ಬಿಡಿಸಿದ ರೂಪ ನುಸುಳಲು ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಒಂದು ಕಾರಣ. ಅದು ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಜಿಪ್ ಮಾಡಿ ಲಿನಕ್ಸ್ ಸರ್ವರಿಗೆ ತಂದರೆ ‘ಪೋಯ’ ಹೆಸರಿನ ಎರಡು ಕಡತಗಳು ಒಂದೇ ಕಡತಕೋಶದಲ್ಲಿ ಪಕ್ಕಪಕ್ಕ ಕೂರಬಲ್ಲವು. ಡೇಟಾಬೇಸ್‌ನಲ್ಲೂ ಅಷ್ಟೆ. ಪೋಸ್ಟ್‌ಗ್ರೆಸ್ ಸಾಮಾನ್ಯ ಏರ್ಪಾಡಿನಲ್ಲಿ ಬೈಟು ಬೇರೆಯಾದರೆ ಪದವೇ ಬೇರೆ ಎನ್ನುತ್ತದೆ, ಆದ್ದರಿಂದ ‘ಎರಡು ಸಲ ಬರಬಾರದು’ ಎಂಬ ನಿಯಮ ಹಾಕಿದ ಕಾಲಮ್ಮಿನಲ್ಲಿ ಪದ ಎರಡು ಸಲ ಬರುತ್ತದೆ. ಆವೃತ್ತಿ 13ರಿಂದ ಅದರಲ್ಲೇ ಪಠ್ಯವನ್ನು ಎನ್‌ಎಫ್‌ಸಿಗೆ ತರುವ ನಾರ್ಮಲೈಸ್ ಫಂಕ್ಷನ್ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ 2015ರ ಮಾನಕದಿಂದ ಇದೆ. ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿ ಬಹಳ ಹಿಂದಿನಿಂದ ಇದೆ. ಪಠ್ಯ ಒಳಬರುವ ಬಾಗಿಲಲ್ಲೇ ಒಮ್ಮೆ ಎನ್‌ಎಫ್‌ಸಿ ಮಾಡಿ ಇಟ್ಟುಕೊಳ್ಳುವುದು, ಹುಡುಕಲು ಬಂದ ಪದಕ್ಕೂ ಅದನ್ನೇ ಮಾಡುವುದು. ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ಟರೆ ಏನೂ ಮಾಡದಿದ್ದುದಕ್ಕಿಂತ ಹೆಚ್ಚು ಪದಗಳು ಕಾಣೆಯಾಗಬಹುದು.

ಕೆಲಸ ಮುಗಿಯಿತೆಂದು ಒಪ್ಪಿಸುವ ಮುನ್ನ ಐದು ಪರೀಕ್ಷೆ ನಡೆಸಿದರೆ ಸಾಕು. ‘ಪೋಯ’ವನ್ನು ಮೂರೂ ರೂಪದಲ್ಲಿ ಕೊಟ್ಟು ಮೂರಕ್ಕೂ ಒಂದೇ ಉತ್ತರ ಬರುತ್ತದೆಯೇ ನೋಡುವುದು. ‘ಮೇ’ ಕೊಟ್ಟು ಸುರುಳಿ ಬಂದಿದೆಯೇ, ಬಾವುಟ ಬಂದಿದೆಯೇ ನೋಡುವುದು. ‘ದ್ರೋಹ’ ಕೊಟ್ಟು ಕೊಂಬುವ ಎಲ್ಲಿ ನಿಂತಿದೆ ನೋಡುವುದು. ಎರಡು ಬಿಡಿ ಕೊಂಬುವದ ಐತ್ವ ಕೊಟ್ಟು, ಅದನ್ನು 3547 ಮಾಡುವ ನಿಮ್ಮ ಸ್ವಂತ ನಿಯಮ ಓಡುತ್ತಿದೆಯೇ ನೋಡುವುದು. ಕೊನೆಗೆ ಇಡೀ ಸಂಗ್ರಹದಲ್ಲಿ 3541 ಮತ್ತು 3543 ಎಂಬ ಸಂಖ್ಯೆಗಳನ್ನು ಹುಡುಕುವುದು. ಸ್ವರಚಿಹ್ನೆಗಳ ನಡುವೆ ಖಾಲಿ ಬಿಟ್ಟಿರುವ ಎರಡು ಸ್ಥಾನಗಳವು. ಅಲ್ಲಿ ಏನಾದರೂ ಸಿಕ್ಕರೆ ಯಾವುದೋ ಬದಲಾವಣೆಯ ಪಟ್ಟಿಯಲ್ಲಿ ಸಾಲು ಒಂದು ಸ್ಥಾನ ಜಾರಿದೆ.